ಹಿಂದಿನ ಬಲಚಕ್ರದ ನಿಂಬೆಹಣ್ಣು

೨೦೦೩ರ ಆಯುಧಪೂಜೆಯ ದಿನ, ಶನಿವಾರ, ಬೆಳಿಗ್ಗೆ ಒಂಬತ್ತಾಗಲು ಇನ್ನು ಸ್ವಲ್ಪವೇ ಇದೆ ಎನ್ನುವಾಗ, ನಾನು ಮೊರಾಕ್ಕೊ ದೇಶದ ಎರ್ಫೂದ್ ಎಂಬ ಮರುಭೂಮಿಯಂಚಿನ ಊರಿನಲ್ಲಿ ನಮ್ಮ ಹೋಟೆಲಿನ ಅಂಗಳದ ನೀರಿನ ನಲ್ಲಿಯ ಪಕ್ಕ ನಿಂತಿದ್ದೆ. ಬೆನ್ನಿಗೆ ಮಣ್ಣಿನ ಗೋಡೆ. ಎದುರಿಗೆ ನಮ್ಮ ಬಸ್ಸಿನ ಬಲಮಗ್ಗುಲು. ಬಲಕ್ಕೆ ಕತ್ತು ತಿರುಗಿಸಿದರೆ ಬಸ್ಸಿನ ಮೂತಿ ಮತ್ತು ಅದರ ಮುಂದೆ ನಿಂತವರು, ಎಡಕ್ಕೆ ತಿರುಗಿಸಿದರೆ ಹಿಂದಿನ ಚಕ್ರ. ಎರಡೂ ತುದಿಗಳು ಕಾಣುವ ಜಾಗ ಆ ಅಂಗಳದಲ್ಲಿ ಅದೊಂದೇ ಎಂದು ನನಗೆ ಆಮೇಲೆ ತಿಳಿಯಿತು. ನನ್ನ ಎಡಗಡೆ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರ, ವಾರಿಜಕ್ಕ ನಿಂತಿದ್ದರು.

ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳಿ, ಕಂಡದ್ದನ್ನು ಆಮೇಲೆ ಹೇಳುವ ಕ್ರಮವನ್ನು ನನಗೆ ಕಲಿಸಿದವರು ಆ ಊರಿನ ಪೊಲೀಸ್ ಅಧಿಕಾರಿ. ಅವರ ವಿಷಯ ಮುಂದೆ ಬರುತ್ತದೆ. ಟೊರಾಂಟೊ ಸುತ್ತಿನ ನಮ್ಮ ಹುಡುಗ ಹುಡುಗಿಯರು ಕೆಲವರು ಈಗ ಪ್ರವಾಸದ ಕೆಲಸಕ್ಕೆ ಸೇರುತ್ತಿದ್ದಾರೆ. ಅವರು ನನ್ನನ್ನು ಕರೆಸಿ, ಟೂರ್ ಮ್ಯಾನೇಜರನ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಮರಳುಗುಡ್ಡದ ಮೇಲಿನ ಸೂರ್ಯೋದಯದ ಬಗ್ಗೆ ಹೇಳುತ್ತೇನೆಂದು ಕಾದು ಕೂತಿರುತ್ತಾರೆ. ಸೂರ್ಯೋದಯ ನಾನೂ ನೋಡಿದ್ದೇನೆ, ಹೆಚ್ಚಾಗಿ ಯಾರದೋ ಕಳೆದುಹೋದ ಚಪ್ಪಲಿ ಹುಡುಕುತ್ತ.

ಈ ಕೆಲಸಕ್ಕೆ ನಾನು ಬಯಸಿ ಬಂದವನಲ್ಲ. ಹಾಸನದಿಂದ ಕೆನಡಾಕ್ಕೆ ಬಂದು ತೊಂಬತ್ತರ ದಶಕದ ಆರಂಭದಲ್ಲಿ ಟೊರಾಂಟೊ ಹತ್ತಿರದ ಬೋಲ್ಟನ್ನಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ. ಸಂಜೆ ಫ್ರೆಂಚ್ ತರಗತಿಗೆ ಹೋಗುತ್ತಿದ್ದೆ. ಫ್ರೆಂಚ್ ಬಂದರೆ ಸರ್ಕಾರಿ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರು. ಅದು ಸಿಗಲಿಲ್ಲ. ಸಿಕ್ಕಿದವರು ಭಾಟಿಯಾ ಸಾಹೇಬರು. ಬ್ರಾಂಪ್ಟನ್ನಿನಲ್ಲಿ ಅವರದೊಂದು ಪ್ರವಾಸದ ಆಫೀಸು ಇತ್ತು. ನಮ್ಮ ದೇಶದವರನ್ನು ನಮ್ಮದೇ ಊಟದೊಂದಿಗೆ ಹೊರದೇಶಗಳಿಗೆ ಕರೆದೊಯ್ಯುವುದು ಅವರ ವ್ಯಾಪಾರ. ಮೊರಾಕ್ಕೊದಲ್ಲಿ ಫ್ರೆಂಚ್ ನಡೆಯುತ್ತದೆ, ಸಸ್ಯಾಹಾರಿಯಾದ ನನಗೆ ಇನ್ನೊಬ್ಬರ ಹೊಟ್ಟೆಯ ಕಷ್ಟ ಗೊತ್ತಿರುತ್ತದೆ, ಇಷ್ಟೇ ನನ್ನ ಅರ್ಹತೆ.

ಭಾಟಿಯಾ ಸಾಹೇಬರು ಕೆಲಸ ಕಲಿಸಿದ ರೀತಿ ಚೆನ್ನಾಗಿತ್ತು. "ನಾಗರಾಜ್ ಭಾಯ್, ಹಸಿವಾಗೋ ಮೊದಲು ಚಾವಲ್, ಕೇಳೋ ಮೊದಲು ಟಾಯ್ಲೆಟ್. ಬಾಕಿ ಸಬ್ ಹಿಸ್ಟರಿ ಹೈ, ಅದನ್ನ ಲೋಕಲ್ ಗೈಡ್ ಹೇಳ್ತಾನೆ" ಎನ್ನುತ್ತಿದ್ದರು. ಕೊನೆಯವರೆಗೂ ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾರೂ ಹೇಳಲಿಲ್ಲ.

ದಾರಿ ಪ್ರತಿ ಸಲವೂ ಒಂದೇ. ಕಾಸಾಬ್ಲಾಂಕಾದಲ್ಲಿ ಇಳಿದು, ರಬಾತ್ ನೋಡಿ, ಫೆಸ್ಸಿನ ಹಳೆಯ ಪೇಟೆ. ಅಲ್ಲಿಂದ ಬೆಟ್ಟಗಳನ್ನು ದಾಟಿ ಎರ್ಫೂದ್. ಜೀಪಿನಲ್ಲಿ ಮರಳುಗುಡ್ಡಗಳಿಗೆ ಹೋಗಿಬಂದು, ಮತ್ತೆ ಬಸ್ಸಿನಲ್ಲಿ ಪಶ್ಚಿಮಕ್ಕೆ, ಮರಾಕೇಶಿಗೆ. ಮೊದಲ ವರ್ಷಗಳಲ್ಲಿ ಹೋಟೆಲು ಕಾದಿರಿಸುವುದು ಫ್ಯಾಕ್ಸಿನಲ್ಲಿ. ಒಮ್ಮೆ ಫೆಸ್ಸಿನ ಹೋಟೆಲಿನ ಫ್ಯಾಕ್ಸ್ ಮೆಷಿನ್ನಿನಲ್ಲಿ ಕಾಗದ ಮುಗಿದಿತ್ತಂತೆ. ನಾವು ಹೋದಾಗ ನಮ್ಮ ಕೋಣೆಗಳಲ್ಲಿ ಜರ್ಮನಿಯ ಗುಂಪೊಂದು ಸ್ನಾನ ಮಾಡುತ್ತಿತ್ತು. ಆಮೇಲೆ ಮೊಬೈಲು ಬಂತು. ಆಗ ಹೋಟೆಲಿನವರು ಸಿಕ್ಕರು, ಆದರೆ ಬ್ರಾಂಪ್ಟನ್ನಿನಿಂದ ಭಾಟಿಯಾ ಸಾಹೇಬರಿಗೂ ನಾನು ಎಲ್ಲೆಂದರಲ್ಲಿ ಸಿಗತೊಡಗಿದೆ.

ತರಕಾರಿಯೂಟ ಎಂದು ಹೇಳಿದರೆ ಅಲ್ಲಿನವರು ಮಾಂಸದ ಜೊತೆ ಬೆಂದ ತರಕಾರಿಯಿಂದ ಮಾಂಸವನ್ನು ಮಾತ್ರ ಎತ್ತಿಟ್ಟು ಪ್ರೀತಿಯಿಂದ ಬಡಿಸುತ್ತಿದ್ದರು. ಅದು ಅವರಿಗೆ ಮೋಸವಲ್ಲ, ಉಪಚಾರ. ಅದನ್ನು ತಿಳಿದುಕೊಳ್ಳಲು ನನಗೆ ಎರಡು ಪ್ರವಾಸ ಬೇಕಾಯಿತು. ಮೂರನೆಯದಕ್ಕೆ ಕುಕ್ಕರು, ಅವಲಕ್ಕಿ, ಚಟ್ನಿಪುಡಿ ಜೊತೆಗೇ ಹೊರಟವು. ಮರಳು ಹೊಕ್ಕ ಕುಕ್ಕರು ಸೀಟಿ ಹಾಕುವುದಿಲ್ಲ ಎಂಬುದನ್ನೂ ಆಗಲೇ ಕಲಿತೆ.

ಡ್ರೈವರ್ ಇದ್ರಿಸ್ ನನಗೆ ಸಿಕ್ಕಿದ್ದು ಆ ಮೂರನೆಯ ಪ್ರವಾಸದಲ್ಲಿ. ಫೆಸ್ಸಿನವನು, ನನಗಿಂತ ಕಿರಿಯ, ಮಾತು ಕಡಿಮೆ. ಬೆಟ್ಟದ ತಿರುವುಗಳಲ್ಲಿ ಹಿಂದೆ ಯಾರಾದರೂ ವಾಂತಿ ಮಾಡಿಕೊಂಡರೆ ನಾನು ಹೇಳುವ ಮೊದಲೇ ನಿಧಾನ ಮಾಡುತ್ತಿದ್ದ. ಅವನಿಗೆ ಬೇಗನೆ ಅಭ್ಯಾಸವಾದ ನಮ್ಮ ಪದ್ಧತಿಗಳಲ್ಲಿ ಬಸ್ಸಿನ ಪೂಜೆಯೂ ಒಂದು. ಯಾವ ಗುಂಪು ಬಂದರೂ ಮೊದಲ ದಿನ ಯಾರಾದರೊಬ್ಬರು ಬ್ಯಾಗಿನಿಂದ ತೆಂಗಿನಕಾಯಿ ತೆಗೆಯುತ್ತಿದ್ದರು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಆರತಿ ಎತ್ತಿದ ಮೇಲೆ ಬಸ್ಸು ನಿಂಬೆಹಣ್ಣಿನ ಮೇಲೆ ಹಾದು ಮುಂದೆ ಹೋಗಬೇಕು. ಇದನ್ನು ನಾನು ಇದ್ರಿಸನಿಗೆ ವಿವರಿಸಿದಾಗ ಅವನು ನಗಲಿಲ್ಲ. ಅವನ ತಾಯಿಯೂ ಹೊಸ ಗಾಡಿಯ ಮೇಲೆ ಹಾಲು ಚಿಮುಕಿಸಿದ್ದಳಂತೆ. ನಮ್ಮಿಬ್ಬರ ನಡುವೆ ಒಂದು ಕ್ರಮವಿತ್ತು. ಬಸ್ಸಿನ ಮುಂದೆ ನಾನು ನಿಲ್ಲುತ್ತಿದ್ದೆ. ಸುತ್ತ ಎಲ್ಲ ಸರಿಯಿದೆ ಎಂದು ನೋಡಿ ಕೈ ಬೀಸುತ್ತಿದ್ದೆ. ಅವನು ಮೆಲ್ಲಗೆ ಬಿಡುತ್ತಿದ್ದ. ೨೦೦೩ರವರೆಗೆ ಏನೂ ಆಗಿರಲಿಲ್ಲ.

೨೦೦೩ರ ಗುಂಪು ಪೂರ್ತಿ ನಮ್ಮವರದೇ, ಕರ್ನಾಟಕದವರದು. ಮಿಸ್ಸಿಸಾಗಾದ ಒಂದು ಬೇಸ್‌ಮೆಂಟಿನಲ್ಲಿ ಚಹಾ ಕುಡಿಯುತ್ತ ಗೊತ್ತುಮಾಡಿದ ಪ್ರವಾಸ. ಗುಂಪನ್ನು ಕೂಡಿಸಿದವರು ಶ್ರೀನಿವಾಸಮೂರ್ತಿ, ಮೈಸೂರಿನವರು, ದೊಡ್ಡ ಕಂಪನಿಯಲ್ಲಿ ಎಂಜಿನಿಯರ್. ಅನೇಕ ಮನೆಗಳ ಮಕ್ಕಳಿಗೆ ಕೆಲಸದ ದಾರಿ ತೋರಿಸಿದವರು. ಹಬ್ಬಹರಿದಿನಗಳಲ್ಲಿ ಅವರೇ ಮುಂದೆ ನಿಂತು ಪೂಜೆ ಮಾಡಿಸುತ್ತಿದ್ದರು. ಜೊತೆಗೆ ಅವರ ಹೆಂಡತಿ ಜಯಮ್ಮ.

ಒಶಾವಾದಿಂದ ಬಂದವರು ಸಂಜೀವಣ್ಣ ಮತ್ತು ವಾರಿಜಕ್ಕ, ಉಡುಪಿ ಕಡೆಯ ತುಳುವರು. ಮೊದಲು ಬೊಂಬಾಯಿಯಲ್ಲಿ ಬಹಳ ವರ್ಷ ಇದ್ದು, ಆಮೇಲೆ ಕೆನಡಾಕ್ಕೆ ಬಂದವರು. ಸಂಜೀವಣ್ಣ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ, ಲೋಹದ ಹಾಳೆ ಒತ್ತುವ ಪ್ರೆಸ್ಸಿನ ಮೇಲೆ ಕೆಲಸ ಮಾಡಿ ನಿವೃತ್ತರಾಗಿದ್ದರು. ಆ ಕೆಲಸದವರಲ್ಲಿ ಬೆರಳು ಕಳೆದುಕೊಂಡವರೇ ಹೆಚ್ಚಂತೆ. ಬಸ್ಸಿನಲ್ಲಿ ಬೇಸರವಾದಾಗಲೆಲ್ಲ ಅವರು ಎರಡೂ ಕೈ ಎತ್ತಿ, "ಹತ್ತೂ ಉಂಟು. ಬೇಕಾದ್ರೆ ಎಣಿಸಿ ನೋಡಿ ಮಾರಾಯ್ರೆ" ಎನ್ನುತ್ತಿದ್ದರು.

"ಎಣಿಸಿ ಎಣಿಸಿ ಸವೆದೇ ಹೋಗ್ತದೆ ಇವರ ಬೆರಳು" ಎಂದು ವಾರಿಜಕ್ಕ ಕಿಟಕಿಯ ಕಡೆ ಮುಖ ಮಾಡುತ್ತಿದ್ದರು.

ಆಯುಧಪೂಜೆ ಪ್ರವಾಸದ ನಡುವೆ ಬರುತ್ತದೆಂದು ಮೂರ್ತಿಗಳು ಮೊದಲೇ ಲೆಕ್ಕ ಹಾಕಿದ್ದರು. ತೆಂಗಿನಕಾಯಿ ಟೊರಾಂಟೊದಿಂದಲೇ ಬಂದಿತ್ತು. ಬೂದುಗುಂಬಳ ಸಿಕ್ಕಲಿಲ್ಲವೆಂದು ಎರ್ಫೂದಿನ ಸಂತೆಯಲ್ಲಿ ಒಂದು ಕಲ್ಲಂಗಡಿ ಕೊಂಡರು. ಕೇಸರಿ ಬಣ್ಣದ ಹೂವು ಸಿಕ್ಕಿತು. ಅದನ್ನು ವಾರಿಜಕ್ಕ ಹೋಟೆಲಿನ ಜಗಲಿಯಲ್ಲಿ ಕೂತು ಮಾಲೆ ಕಟ್ಟಿದರು. ಬೊಂಬಾಯಿಯಲ್ಲಿ ಕಲಿತ ಕೈ, ಮಾಲೆ ದಪ್ಪಗೆ ಬಿಗಿಯಾಗಿತ್ತು. ಒಂದನ್ನು ಬಸ್ಸಿನ ಮುಂದಿನ ಗಾಜಿಗೆ ಹಾಕಿದರು. ಎರಡನ್ನು ಎರಡು ಕಡೆಯ ಕನ್ನಡಿಗಳಿಗೆ ಇಳಿಬಿಟ್ಟರು. ಎಲ್ಲರೂ ಚೆನ್ನಾಗಿದೆ ಎಂದರು. ನಾನೂ ಎಂದೆ.

ಅಂಗಳ ಬಸ್ಸಿನ ಮೂತಿಯ ಕಡೆಗೆ ಸ್ವಲ್ಪ ಇಳಿಜಾರು. ಕಣ್ಣಿಗೆ ಕಾಣುವಷ್ಟಲ್ಲ, ನಿಂಬೆಹಣ್ಣಿಗೆ ತಿಳಿಯುವಷ್ಟು.

ತಡವಾಗುತ್ತಿತ್ತು. ಶನಿವಾರ ರಾಹುಕಾಲ ಒಂಬತ್ತಕ್ಕೆ ಶುರು. ಮೂರ್ತಿಗಳು ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಇದು ಬೆಂಗಳೂರಿನ ಒಂಬತ್ತಾ, ಟೊರಾಂಟೊ ಒಂಬತ್ತಾ ಮೂರ್ತಿಗಳೇ?" ಎಂದು ಸಂಜೀವಣ್ಣ ಕೇಳಿದರು. "ರಾಹುವಿಗೆ ಮೊರಾಕ್ಕೊ ವೀಸಾ ಉಂಟಾ ಮೊದಲು ನೋಡಿ."

ಸುತ್ತ ಇದ್ದವರು ನಕ್ಕರು. ಮೂರ್ತಿಗಳು ನಗಲಿಲ್ಲ. "ತಮಾಷೆ ಸಾಕು ಸಂಜೀವ. ಎಲ್ಲಿದ್ದೀವೋ ಅಲ್ಲಿನ ಟೈಮು. ಒಂಬತ್ತಕ್ಕೆ ಮುಂಚೆ ಗಾಡಿ ಕದಲಬೇಕು. ನೀವು ಹಿಂದಿನ ಚಕ್ರ ನೋಡ್ಕೊಳ್ಳಿ." ಆಮೇಲೆ ನನಗೆ, "ನಾಗರಾಜ್, ನೀವು ಈ ಕಡೆ ಬನ್ನಿ. ಪೂಜೆ ನಂದು, ಮುಂದೆ ನಾನೇ ನಿಲ್ತೀನಿ" ಎಂದರು.

ನಾನು ನಲ್ಲಿಯ ಕಡೆ ಬಂದೆ. ಕೈಗೆ ಕುಂಕುಮ ಹತ್ತಿತ್ತು, ತೊಳೆಯಬೇಕಾಗಿತ್ತು. ಇದ್ರಿಸ್ ತನ್ನ ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದ್ದ. ಬಸ್ಸು ತಣ್ಣಗಾಗಲಿ ಎಂದು ಏಸಿ ಹಾಕಿ ಕಿಟಕಿ ಬಾಗಿಲು ಮುಚ್ಚಿದ್ದ.

ಇನ್ನು ಮುಂದಿನದು ನಾನು ಕಂಡದ್ದು. ಕಾಣದ್ದನ್ನು ಸೇರಿಸಿಲ್ಲ.

ಕಾಯಿ ಒಡೆಯಿತು. ಕಲ್ಲಂಗಡಿಯನ್ನೂ ನೆಲಕ್ಕೆ ಅಪ್ಪಳಿಸಿದರು. ಹೋಟೆಲಿನ ಜಗಲಿಯಲ್ಲಿ ಕಡಲೆ ಉಸಲಿ ಹಂಚುತ್ತಾರೆಂದು ಯಾರೋ ಕೂಗಿದರು. ಗುಂಪಿನ ಬಹುತೇಕ ಎಲ್ಲರೂ ಬಸ್ಸಿಗೆ ಬೆನ್ನು ಹಾಕಿ ಆ ಕಡೆ ನಡೆದರು. ಬಸ್ಸಿನ ಮುಂದೆ ಉಳಿದವರು ಮೂರ್ತಿಗಳು ಮತ್ತು ಜಯಮ್ಮ. ಜಯಮ್ಮನ ಎಡಗೈಯಲ್ಲಿ ಆರತಿ ತಟ್ಟೆ, ಬಲಗೈಯಲ್ಲಿ ಗಂಟೆ. ಗಂಟೆ ಬಾರಿಸುತ್ತಲೇ ಇದ್ದರು. ಮೂರ್ತಿಗಳ ಎಡಗೈಯಲ್ಲಿ ಒಡೆದ ಕಾಯಿಯ ಒಂದು ಹೋಳು ಇತ್ತು.

ಹಿಂದಿನ ಬಲಚಕ್ರದ ಮುಂದಿದ್ದ ನಿಂಬೆಹಣ್ಣು ಉರುಳಿ ಹೊರಗೆ ಬಂತು. ಸಂಜೀವಣ್ಣ ಅದನ್ನು ಹಿಡಿದರು. ಮಂಡಿಯೂರಿ, ಚಕ್ರದ ಅಡಿಗೆ ಒತ್ತಿ, ಮತ್ತೆ ಉರುಳದಂತೆ ಬೆರಳುಗಳಿಂದ ಹಿಡಿದುಕೊಂಡರು. ಬಹುಶಃ ಒಂದು ಚಿಕ್ಕ ಕಲ್ಲನ್ನು ಹುಡುಕುತ್ತಿದ್ದರು. ಅವರ ಎಡಗೈ ನೆಲ ತಡವುತ್ತಿತ್ತು.

ಮೂರ್ತಿಗಳು ಬಲಗೈ ಎತ್ತಿ, ಇದ್ರಿಸನ ಕಡೆ ನೋಡಿ, ಬಾ ಎಂಬಂತೆ ಬೀಸಿದರು. ಒಮ್ಮೆ ಅಲ್ಲ, ಎರಡು ಸಲ. ಎರಡನೆಯದು ಆತುರದ್ದು. ಆಮೇಲೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಜಯಮ್ಮನನ್ನೂ ಭುಜ ಹಿಡಿದು ಸರಿಸಿದರು.

ನಾನು ಕೂಗಿದೆ. ಗಂಟೆ ಬಾರಿಸುತ್ತಿತ್ತು. ಬಸ್ಸು ಎರಡು ಅಡಿ ಮುಂದೆ ಬಂದು ನಿಂತಿತು. ವಾರಿಜಕ್ಕ ಕೂಗಲಿಲ್ಲ. ಅವರು ಆಗಲೇ ಓಡಿಯಾಗಿತ್ತು.

ಸಂಜೀವಣ್ಣನ ಬಲಗೈಯ ಮೂರು ಬೆರಳು ಹೋದವು. ಉಳಿದದ್ದನ್ನು ಹೆಚ್ಚು ಬರೆಯುವುದಿಲ್ಲ. ನಾವು ಅವರನ್ನು ಹೋಟೆಲಿನವರ ಜೀಪಿನಲ್ಲಿ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ ಮಾತು: "ಪ್ರೆಸ್ಸಲ್ಲಿ ಹೋಗಿಲ್ಲ. ಪ್ರೆಸ್ಸಲ್ಲಿ ಹೋಗಿಲ್ಲ." ವೈದ್ಯರು ಚೆನ್ನಾಗಿ ನೋಡಿಕೊಂಡರು. ಜೀವಕ್ಕೆ ಭಯವಿಲ್ಲ ಎಂದರು.

ನಾನು ಹೋಟೆಲಿಗೆ ಮರಳುವಷ್ಟರಲ್ಲಿ ಇದ್ರಿಸನನ್ನು ಪೊಲೀಸರು ಕರೆದೊಯ್ದಿದ್ದರು. ಬಸ್ಸು ಹಾಗೇ ನಿಂತಿತ್ತು, ಕನ್ನಡಿಗಳಲ್ಲಿ ಮಾಲೆ ಹಾಗೇ ಇತ್ತು. ಜಗಲಿಯಲ್ಲಿ ನಮ್ಮವರು ಒಟ್ಟಾಗಿ ಕೂತು, ನಡೆದದ್ದನ್ನು ಆಗಲೇ ಒಂದು ಕತೆಯಾಗಿ ಮಾಡಿದ್ದರು. ಡ್ರೈವರ್ ಹಿಂದೆ ನೋಡದೆ ಗಾಡಿ ಬಿಟ್ಟ. ಬೆಳಿಗ್ಗೆಯಿಂದ ಕಣ್ಣು ಕೆಂಪಗಿತ್ತು. ನಿದ್ದೆಗೆಟ್ಟಿರಬೇಕು. ಇವರಿಗೆ ಟ್ರೇನಿಂಗ್ ಇರುವುದಿಲ್ಲ. ಹೇಳುತ್ತಿದ್ದವರಲ್ಲಿ ಒಬ್ಬರೂ ಆ ಕ್ಷಣ ಬಸ್ಸಿನ ಕಡೆ ಮುಖ ಮಾಡಿರಲಿಲ್ಲ.

ಸ್ಥಳೀಯ ಏಜೆಂಟ್ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ವಿದೇಶಿ ಪ್ರವಾಸಿಗೆ ಗಾಯವಾಗಿದೆ. ಡ್ರೈವರ್ ತಾನಾಗಿ ಗಾಡಿ ಬಿಟ್ಟನೆಂದು ದಾಖಲಾದರೆ ಅವನಿಗೆ ಜೈಲು. ಬಿಡುಗಡೆಯಾದರೂ ಮತ್ತೆ ಪ್ರವಾಸಿಗಳ ಬಸ್ಸು ನಡೆಸುವ ಪರವಾನಗಿ ಸಿಗುವುದಿಲ್ಲ. ಮುಂದೆ ನಿಂತವರು ಕೈ ಬೀಸಿದ್ದರಿಂದ ಬಿಟ್ಟೆ ಎಂದು ಅವನು ಹೇಳುತ್ತಿದ್ದಾನೆ. ಕೈ ಬೀಸಿದವರೆಂದು ಅವನು ಯಾರನ್ನು ತೋರಿಸಿದನೋ ಅವರು, ಇಲ್ಲ ಎನ್ನುತ್ತಿದ್ದಾರೆ.

ನಾನು ಮೂರ್ತಿಗಳ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಜಯಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಆರತಿ ತಟ್ಟೆಯ ಎಣ್ಣೆ ಒರೆಸುತ್ತಿದ್ದರು.

"ನಾನು ಕೈ ಎತ್ತಿದ್ದು ನಿಜ ನಾಗರಾಜ್" ಎಂದರು ಮೂರ್ತಿಗಳು. "ಅದು ದೇವರಿಗೆ ನಮಸ್ಕಾರ ಮಾಡೋಕೆ."

"ನಮಸ್ಕಾರಕ್ಕೆ ಎರಡು ಕೈ ಬೇಕಲ್ಲ ಸರ್. ಒಂದರಲ್ಲಿ ಕಾಯಿ ಇತ್ತು."

"ಏನ್ರೀ ನೀವು, ಲಾಯರ್ ಥರ ಮಾತಾಡ್ತೀರಿ?" ಅವರು ಕೂತರು. ಮುಖ ಬಿಳಿಚಿಕೊಂಡಿತ್ತು. ಅವರು ಕೆಟ್ಟವರೆಂದು ನಾನು ಆಗಲೂ ಎಣಿಸಲಿಲ್ಲ, ಈಗಲೂ ಇಲ್ಲ. "ನೋಡಿ, ನಾಳೆ ಇದು ಪೇಪರಲ್ಲಿ ನನ್ನ ಹೆಸರು ಹಾಕಿ ಬಂದ್ರೆ? ನನ್ನ ಕಂಪನಿ, ಇನ್ಶೂರೆನ್ಸು, ನಮ್ಮ ಜನ... ಹಿಂದೆ ನೋಡೋದು ಡ್ರೈವರ್ ಡ್ಯೂಟಿ ಅಲ್ವಾ? ನೀವು ನಮ್ಮವರು. ನಮ್ಮ ಜೊತೆ ನಿಲ್ತೀರಿ ಅಂತ ನಾನು ನಂಬಿದೀನಿ."

ಜಯಮ್ಮ ತಟ್ಟೆ ಒರೆಸುವುದನ್ನು ನಿಲ್ಲಿಸಿರಲಿಲ್ಲ. ಅದರಲ್ಲಿ ಎಣ್ಣೆ ಉಳಿದಿರಲಿಲ್ಲ.

ಕೆಳಗೆ ಬಂದಾಗ ಭಾಟಿಯಾ ಸಾಹೇಬರ ಫೋನು. "ಭಾಯ್, ಸುನೋ. ಕ್ಲೈಂಟ್ ಹೆಸರು ಪೊಲೀಸ್ ಕಾಗದದಲ್ಲಿ ಬರಬಾರದು. ಬಿಲ್ಕುಲ್ ನಹೀ. ನೀನು ಏನೂ ನೋಡಿಲ್ಲ, ಕೈ ತೊಳೀತಿದ್ದೆ. ಡ್ರೈವರ್ ಅವರ ದೇಶದವನು, ಅವರು ನೋಡ್ಕೋತಾರೆ. ಬೇರೆ ಬಸ್ ಬರ್ತಿದೆ, ಗ್ರೂಪ್ ತಗೊಂಡು ಮರಾಕೇಶ್ ಹೋಗು."

"ಕೈ ತೊಳೆಯೋಕೆ ಹೋಗಿದ್ದೆ ಸಾಹೇಬ್. ತೊಳೆದಿರಲಿಲ್ಲ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕುಂಕುಮ ಆಗಲೂ ನನ್ನ ಕೈಯಲ್ಲಿ ಇತ್ತು.

ಗುಂಪು ಬೇರೆ ಬಸ್ಸಿನಲ್ಲಿ ಸ್ಥಳೀಯ ಗೈಡಿನ ಜೊತೆ ಮರಾಕೇಶಿಗೆ ಹೋಯಿತು. ಮೂರ್ತಿಗಳು ತಾವು ಕೈ ಬೀಸಿಲ್ಲವೆಂದು ಹೇಳಿಕೆ ಕೊಟ್ಟು ಅದರಲ್ಲೇ ಹೋದರು. ನಾನು ಉಳಿದೆ. ನನ್ನ ಕೆಲಸ ಗುಂಪಿನ ಜೊತೆ ಹೋಗುವುದೋ ಉಳಿಯುವುದೋ ಎಂದು ಇಂದಿಗೂ ವಾದ ಮಾಡುವವರಿದ್ದಾರೆ. ಗಾಯಗೊಂಡ ಪ್ರಯಾಣಿಕ ಇಲ್ಲಿದ್ದಾಗ ನಾನು ಬೇರೆಲ್ಲಿ ಇರಲಿ?

ಪೊಲೀಸ್ ಅಧಿಕಾರಿ ನಡುವಯಸ್ಸಿನವರು, ಬಹಳ ನಿಧಾನ. ಪುದೀನ ಹಾಕಿದ ಚಹಾ ಕೊಟ್ಟರು. ನಾನು ಕಂಡದ್ದನ್ನು ಫ್ರೆಂಚಿನಲ್ಲಿ ಹೇಳತೊಡಗಿದಾಗ ಕೈ ಎತ್ತಿ ನಿಲ್ಲಿಸಿದರು. "ಏನು ಕಂಡೆ ಎಂದು ಆಮೇಲೆ. ಎಲ್ಲಿ ನಿಂತಿದ್ದೆ?" ಹೇಳಿದೆ. ಅಷ್ಟಕ್ಕೆ ಒಪ್ಪದೆ ನನ್ನನ್ನು ಹೋಟೆಲಿನ ಅಂಗಳಕ್ಕೇ ಕರೆತಂದು, ನಲ್ಲಿಯ ಪಕ್ಕ ನಿಲ್ಲಿಸಿದರು. ತಾವು ಬಸ್ಸಿನ ಮುಂದೆ ನಿಂತು ಕೈ ಬೀಸಿದರು. ತಮ್ಮ ಪೇದೆಯನ್ನು ಹಿಂದಿನ ಚಕ್ರದ ಹತ್ತಿರ ಕೂರಿಸಿದರು. ಆಮೇಲೆ ತಾವೇ ಬಂದು ನನ್ನ ಜಾಗದಲ್ಲಿ ನಿಂತು ಎರಡೂ ಕಡೆ ನೋಡಿದರು.

"ಕಾಣುತ್ತದೆ" ಎಂದರು. "ಆದರೆ ನೀನು ಡ್ರೈವರನ ಹಳೆಯ ಸ್ನೇಹಿತ. ನೀನು ಹೌದು ಎನ್ನುತ್ತೀಯ, ಅವರು ಇಲ್ಲ ಎನ್ನುತ್ತಾರೆ. ಬೇರೆ ಯಾರು ಕಂಡರು?"

ಕಂಡವರು ಇನ್ನಿಬ್ಬರು. ಜಯಮ್ಮ ಮರಾಕೇಶಿನ ದಾರಿಯಲ್ಲಿದ್ದರು. ವಾರಿಜಕ್ಕ ಆಸ್ಪತ್ರೆಯಲ್ಲಿದ್ದರು.

ಅವರನ್ನು ಕೇಳುವುದು ಸುಲಭವಾಗಿರಲಿಲ್ಲ. ಅವರ ಮಗನಿಗೆ ಕೆಲಸ ಕೊಡಿಸಿದವರು ಮೂರ್ತಿಗಳೇ. ಮಗ ಅವರ ಕೈಕೆಳಗೇ ಇದ್ದ. ನಾನು ಆಸ್ಪತ್ರೆಗೆ ಹೋಗಿ ಹಾಸಿಗೆಯ ಬಳಿ ನಿಂತೆ. ಸಂಜೀವಣ್ಣ ಎಚ್ಚರವಾಗಿದ್ದರು, ಬಲಗೈ ದಿಂಬಿನ ಮೇಲೆ ಬಟ್ಟೆಯ ಉಂಡೆಯಂತೆ ಇತ್ತು.

"ಡ್ರೈವರನ್ನ ಬಿಟ್ರಾ?" ಎಂದು ಅವರೇ ಕೇಳಿದರು.

"ಇಲ್ಲ ಸಂಜೀವಣ್ಣ."

"ಅವನಿಗೆ ಎಂತ ಗೊತ್ತು ಪಾಪ. ಬಿಡಿಸಿ ಮಾರಾಯ್ರೆ. ಆದ್ರೆ ಮೂರ್ತಿಗಳ ಹೆಸರು ಇವಳ ಬಾಯಲ್ಲಿ ಹೇಳಿಸ್ಬೇಡಿ. ಹುಡುಗ ಅಲ್ಲಿ ಉಂಟಲ್ಲ."

"ಎರಡೂ ಒಟ್ಟಿಗೆ ಹೇಗೆ ಆಗ್ತದೆ?" ಎಂದರು ವಾರಿಜಕ್ಕ.

ಅವರು ಗಂಡನ ಎಡಗೈಯ ಉಗುರುಗಳನ್ನು ನೋಡುತ್ತ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಾಗರಾಜಣ್ಣ, ಆ ಡ್ರೈವರಿಗೆ ಮಕ್ಕಳು ಉಂಟಾ?" ಎಂದು ಕೇಳಿದರು.

"ಇಬ್ಬರು."

"ನನ್ನ ಮಗನಿಗೆ ಬೇರೆ ಕೆಲಸ ಸಿಕ್ಕೀತು" ಎಂದು ಅವರು ಸೀರೆಯ ಸೆರಗು ಸರಿಮಾಡಿಕೊಂಡು ಎದ್ದರು.

ಠಾಣೆಯಲ್ಲಿ ಇನ್ನೊಂದು ತೊಡಕು ಬಂತು. ವಾರಿಜಕ್ಕನಿಗೆ ಫ್ರೆಂಚ್ ಬಾರದು. ನಾನೇ ಸಾಕ್ಷಿಯಾದ್ದರಿಂದ ನಾನು ಅನುವಾದ ಮಾಡುವಂತಿಲ್ಲ. ಅಧಿಕಾರಿ ಯೋಚಿಸಿ, ಪೇಟೆಯಲ್ಲಿ ಜಮಖಾನೆ ಮಾರುವ ಒಬ್ಬ ಮುದುಕರನ್ನು ಕರೆಸಿದರು. ಅವರು ಜೀವನವಿಡೀ ಹಿಂದಿ ಸಿನಿಮಾ ನೋಡಿಯೇ ಹಿಂದಿ ಕಲಿತವರು. ವಾರಿಜಕ್ಕನದು ಬೊಂಬಾಯಿಯ ಮೀನುಪೇಟೆಯ ಹಿಂದಿ. ಇವರದು ನಾಯಕ ನ್ಯಾಯಾಲಯದಲ್ಲಿ ಆಡುವ ಹಿಂದಿ. ವಾರಿಜಕ್ಕ "ದೇಖಾ ನಾ, ಹಾಥ್ ಹಿಲಾಯಾ" ಎಂದು ಕೈ ಬೀಸಿ ತೋರಿಸಿದರೆ, ಮುದುಕರು ಎದೆಯ ಮೇಲೆ ಕೈಯಿಟ್ಟು, "ಬೆಹನ್‌ಜೀ, ಕಸಮ್ ಸೇ?" ಎಂದು ಆಣೆ ಕೇಳುತ್ತಿದ್ದರು. ಪೇದೆ ಮುಖ ತಿರುಗಿಸಿ ನಗು ನುಂಗಿದ. ನನಗೆ ಆ ದಿನಗಳಲ್ಲಿ ನಗು ಬರುವ ಹಾಗಿದ್ದದ್ದು ಅದೊಂದೇ ಗಳಿಗೆ. ಆದರೂ ನಗಲಿಲ್ಲ.

ವಾರಿಜಕ್ಕ ಹೇಳಿದ್ದು ಇಷ್ಟು. ಮೂರ್ತಿಗಳು ಡ್ರೈವರನ್ನು ನೋಡಿ ಕೈ ಬೀಸಿದರು. ಗಾಡಿ ಬಂತು. ಡ್ರೈವರಿಗೆ ನನ್ನ ಗಂಡ ಕಾಣುವಂತಿರಲಿಲ್ಲ, ಏಕೆಂದರೆ ಆ ಕಡೆಯ ಕನ್ನಡಿಗೆ ಹೂವು ಅಡ್ಡ ಇತ್ತು. ಹೂವು ಕಟ್ಟಿದವಳು ನಾನು, ಕನ್ನಡಿಗೆ ಹಾಕಿದವಳೂ ನಾನು.

ಕನ್ನಡಿಯ ಹೂವಿನ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ, ಇದ್ರಿಸ್ ಕೂಡ. ನಿಮ್ಮ ದೇವರ ಹೂವನ್ನು ದೂರಬಾರದೆಂದು ಸುಮ್ಮನಿದ್ದೆ ಎಂದು ಅವನು ಆಮೇಲೆ ಹೇಳಿದ. ಅಧಿಕಾರಿ ಪೇದೆಯನ್ನು ಕರೆದುಕೊಂಡು ಮತ್ತೆ ಅಂಗಳಕ್ಕೆ ಹೋದರು. ಮಾಲೆ ಬಿಸಿಲಿಗೆ ಬಾಡಿತ್ತು, ಆದರೂ ಕನ್ನಡಿಯ ಬಹುಭಾಗ ಮುಚ್ಚಿಯೇ ಇತ್ತು. ಅವರು ಡ್ರೈವರನ ಸೀಟಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

ಮರುದಿನ ಇದ್ರಿಸನನ್ನು ಬಿಟ್ಟರು. ಅವನ ಮೇಲೆ ಮೊಕದ್ದಮೆ ಹೂಡಲಿಲ್ಲ. ಅವನು ನೇರ ಆಸ್ಪತ್ರೆಗೆ ಬಂದ. ಕೈಯಲ್ಲಿ ಖರ್ಜೂರದ ಪೊಟ್ಟಣ ಹಿಡಿದು ಬಾಗಿಲ ಹೊರಗೇ ನಿಂತ.

"ಒಳಗೆ ಬರ್ಲಿಕ್ಕೆ ಹೇಳಿ ನಾಗರಾಜಣ್ಣ. ಅಲ್ಲಿ ನಿಂತು ಎಂತ ಮಾಡ್ತಾನೆ?" ಎಂದರು ವಾರಿಜಕ್ಕ.

ಅವನು ಬಂದು ಬಗ್ಗಿ ಸಂಜೀವಣ್ಣನ ಹಣೆಗೆ ಮುತ್ತಿಟ್ಟ. ಅದು ಅಲ್ಲಿ ಹಿರಿಯರಿಗೆ ಮಾಡುವ ಮರ್ಯಾದೆ. ಸಂಜೀವಣ್ಣ ಎಡಗೈಯಿಂದ ಅವನ ಬೆನ್ನು ತಟ್ಟಿ ತುಳುವಿನಲ್ಲಿ ಏನೋ ಹೇಳಿದರು. ನನಗೆ ತುಳು ಬಾರದು. ಇದ್ರಿಸ್ ತಲೆಯಾಡಿಸಿದ.

ಇದರಿಂದ ಎಲ್ಲ ಸರಿಯಾಯಿತು ಎಂದು ಹೇಳಲಾರೆ. ಬಸ್ಸಿನ ಮಾಲೀಕರು ಇದ್ರಿಸನಿಗೆ ಒಂದು ವರ್ಷ ಪ್ರವಾಸದ ಗಾಡಿ ಕೊಡಲಿಲ್ಲ. ತರಕಾರಿ ಲಾರಿ ಓಡಿಸಿದ. ಸಂಜೀವಣ್ಣನ ಮಗ ಆ ಕಂಪನಿಯಲ್ಲಿ ಬಹಳ ದಿನ ಉಳಿಯಲಿಲ್ಲ. ಯಾರೂ ತೆಗೆದುಹಾಕಲಿಲ್ಲ, ಅವನೇ ಬಿಟ್ಟ. ನನ್ನನ್ನು ಭಾಟಿಯಾ ಸಾಹೇಬರು ಕೆಲಸದಿಂದ ತೆಗೆಯಲಿಲ್ಲ. ನಮ್ಮವರ ಗುಂಪುಗಳನ್ನು ಮಾತ್ರ ಮತ್ತೆ ಕೊಡಲಿಲ್ಲ. ನಮ್ಮವರೇ ನನ್ನನ್ನು ಬೇಡವೆಂದರಂತೆ. ಮುಂದಿನ ವರ್ಷಗಳಲ್ಲಿ ನಾನು ಗುಜರಾತಿಗಳನ್ನೂ ಪಂಜಾಬಿಗಳನ್ನೂ ಅದೇ ದಾರಿಯಲ್ಲಿ ಕರೆದೊಯ್ದೆ. ಎರ್ಫೂದಿನ ಆ ಹೋಟೆಲಿನಲ್ಲಿ ಇಳಿದಾಗಲೆಲ್ಲ ನಲ್ಲಿಯ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಏಕೆಂದು ಕೇಳಬೇಡಿ. ಅಲ್ಲಿಂದ ಎರಡೂ ತುದಿ ಈಗಲೂ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಕಾಣುತ್ತಿತ್ತು.

ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇದರಿಂದ ಹೇಳಬೇಕಾದದ್ದು ಇಷ್ಟೇ. ಬಸ್ಸಿನ ಪೂಜೆ ಬೇಡವೆನ್ನಬೇಡಿ, ಜನಕ್ಕೆ ಅದು ಬೇಕು. ಆದರೆ ಪೂಜೆಯ ಹೊತ್ತು ಇಂಜಿನ್ ನಿಂತಿರಲಿ, ಬೀಗದಕೈ ನಿಮ್ಮ ಜೇಬಿನಲ್ಲಿರಲಿ. ಕನ್ನಡಿಗೆ ಹೂವು ಹಾಕಲು ಬಿಡಬೇಡಿ. ಎಲ್ಲರೂ ಹತ್ತಿದ ಮೇಲೆ ಒಂದು ಸುತ್ತು ನಡೆದು, ಕೊನೆಗೆ ನೀವು ಹತ್ತಿ, ಆಮೇಲೆ ಬೀಗದಕೈ ಕೊಡಿ. ರಾಹುಕಾಲ ಬಂದರೆ ಬರಲಿ. ನಾನು ನಿವೃತ್ತನಾಗುವವರೆಗೂ ಹಾಗೇ ಮಾಡಿದೆ. ಬಹಳ ಮಂದಿ ಬೈದರು.

ಜಯಮ್ಮನನ್ನು ಮತ್ತೆ ಕಂಡದ್ದು ಒಂದು ಯುಗಾದಿಯ ಸಮಾರಂಭದಲ್ಲಿ, ಮಿಸ್ಸಿಸಾಗಾದಲ್ಲಿ. ಮೂರ್ತಿಗಳು ದೂರದಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ಜಯಮ್ಮ ನನ್ನ ಬಳಿ ಬಂದು ಒಬ್ಬಟ್ಟಿನ ತಟ್ಟೆ ಕೈಗಿಟ್ಟು, ತಗ್ಗಿದ ದನಿಯಲ್ಲಿ, "ಆವತ್ತು ನನ್ನ ಭುಜ ಹಿಡಿದು ಸರಿಸಿದ್ರು. ಗಾಡಿ ಬರುತ್ತೆ ಅಂತ ಗೊತ್ತಿಲ್ದಿದ್ರೆ ಯಾಕೆ ಸರಿಸ್ತಾರೆ?" ಎಂದರು. ನಾನು ಮಾತಾಡುವ ಮೊದಲೇ, "ತಿನ್ನಿ, ತುಪ್ಪ ಬೇಕಾ?" ಎಂದು ಹೋದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಸಂಜೀವಣ್ಣ ಅವರಿಗಿಂತ ಮೊದಲೇ ಹೋದರು, ಹೃದಯದ ತೊಂದರೆಯಿಂದ. ಆ ಪ್ರವಾಸದ ಮೇಲೆ ಅವರು ಎರಡೂ ಕೈ ಎತ್ತಿ ಮಾತಾಡಿದ್ದನ್ನು ನಾನು ನೋಡಲಿಲ್ಲ.

ಈಗಲೂ ನಮ್ಮವರು ಸೇರಿದ ಕಡೆ, ಮೊರಾಕ್ಕೊದಲ್ಲಿ ನಿದ್ದೆಗೆಟ್ಟ ಡ್ರೈವರನೊಬ್ಬ ಒಬ್ಬರ ಕೈ ಮೇಲೆ ಬಸ್ಸು ಹತ್ತಿಸಿದ ಕತೆ ಆಗಾಗ ಬರುತ್ತದೆ. ಕಳೆದ ಸಲ ಹೇಳಿದವನು ಆಗ ಹುಟ್ಟಿರಲೇ ಇಲ್ಲ. ಇಂಗ್ಲಿಷಿನಲ್ಲಿ ಹೇಳಿದ, ಚೆನ್ನಾಗಿಯೇ ಹೇಳಿದ. ಅದನ್ನು ಕೇಳಿ ಮನೆಗೆ ಬಂದ ಮೇಲೆ ಇದನ್ನು ಬರೆಯಲು ಕೂತೆ.

ಮೂರ್ತಿಗಳು ಕೈ ಬೀಸಿದ್ದನ್ನು ಬಲ್ಲವರು, ಬೀಸಿದವರನ್ನೂ ಸೇರಿಸಿ, ಐದು ಮಂದಿ. ಜಯಮ್ಮ ಇಲ್ಲ. ಇದ್ರಿಸನನ್ನು ನಾನು ಕೊನೆಯ ಸಲ ನೋಡಿದ್ದು ೨೦೦೮ರಲ್ಲಿ, ಫೆಸ್ಸಿನ ಬಸ್ ನಿಲ್ದಾಣದಲ್ಲಿ. ಇದ್ದಾನೆಂದು ನಂಬಿದ್ದೇನೆ, ಆದರೆ ಗೊತ್ತಿಲ್ಲದ್ದನ್ನು ಬರೆಯಲಾರೆ. ಖಂಡಿತವಾಗಿ ಬದುಕಿರುವವರು ನಾನಲ್ಲದೆ ಇನ್ನಿಬ್ಬರು. ವಾರಿಜಕ್ಕ ಒಶಾವಾದಲ್ಲಿ ಮಗನ ಮನೆಯಲ್ಲಿದ್ದಾರೆ. ನೆನಪು ಚೆನ್ನಾಗಿದೆ, ಕೇಳಿದವರಿಗೆಲ್ಲ ಕನ್ನಡಿಯ ಹೂವಿನಿಂದಲೇ ಶುರುಮಾಡಿ ಹೇಳುತ್ತಾರೆ. ಶ್ರೀನಿವಾಸಮೂರ್ತಿಗಳು ಪೋರ್ಟ್ ಕ್ರೆಡಿಟ್ಟಿನಲ್ಲಿದ್ದಾರೆ. ಬೆಳಗಿನ ಹೊತ್ತು ಸರೋವರದ ದಡದಲ್ಲಿ ಕೋಲು ಹಿಡಿದು ನಡೆಯುತ್ತಾರೆ. ಎರ್ಫೂದಿನಿಂದ ಮರಳಿದ ಮೇಲೆ ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.